ಫ್ರಿಜ್ಜಿನಲ್ಲಿದ್ದ ಗಂಗೋತ್ರಿ

ನಮ್ಮ ಮನೆಯ ಫ್ರಿಜ್ಜಿಗೆ ಬೀಗವಿದೆ. ಬಂದವರೆಲ್ಲ ಮೊದಲು ಅದನ್ನು ನೋಡಿ ನಗುತ್ತಾರೆ. ಈಗಿನ ಫ್ರಿಜ್ಜುಗಳಿಗೆ ಕನ್ನಡಿಯಂಥ ಬಾಗಿಲು, ಬಾಗಿಲ ಮೇಲೇ ದೀಪ ಎಲ್ಲ ಇರುತ್ತವಂತೆ. ನನ್ನದು ಹಳೆಯದು, ಬೀರುವಿನ ತಂಗಿಯ ಹಾಗಿದೆ. ಹಿಡಿಯ ಕೆಳಗೆ ಸಣ್ಣ ತೂತು, ಅದಕ್ಕೊಂದು ಬೀಗದ ಕೈ, ಆ ಬೀಗದ ಕೈ ನನ್ನ ಸೊಂಟದಲ್ಲಿ. "ಏನಜ್ಜಿ, ಒಳಗೆ ಚಿನ್ನ ಇಟ್ಟಿದ್ದೀರಾ?" ಎಂದು ಗ್ಯಾಸ್ ಸಿಲಿಂಡರ್ ತರುವವನೂ ಕೇಳಿದ್ದಾನೆ. "ಹೂಂ ಕಣೋ, ನಿನ್ನ ಮದುವೆಗೆ ಕೊಡೋಣ ಅಂತ" ಎಂದಿದ್ದೇನೆ.

ಈ ಬೀಗ ಶುರುವಾದದ್ದು ನಮ್ಮ ಯಜಮಾನರಿಂದ. ಅವರಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ನಾನು ಕಣ್ಣು ಮುಚ್ಚಿದರೆ ಸಾಕು, ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ಕಿರ್ ಎನ್ನುತ್ತಿತ್ತು. ಬೀಗ ಹಾಕಿದೆ. ಅದರಿಂದ ಅವರು ನಾಲ್ಕು ದಿನ ಹೆಚ್ಚು ಬದುಕಿದರು ಎಂದು ಹೇಳುವ ಹಾಗಿಲ್ಲ. ಬೀದಿಯ ತುದಿಯಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇತ್ತು, ಅದಕ್ಕೆ ನಾನು ಬೀಗ ಹಾಕಲು ಆಗುತ್ತಿರಲಿಲ್ಲ.

ಫ್ರಿಜ್ಜು ಬರುವ ಮೊದಲು ನಮಗೆ ಮಂಜುಗಡ್ಡೆ ಎಂದರೆ ಜ್ವರ. ನಾನು ಹುಟ್ಟಿ ಬೆಳೆದದ್ದು ಮಾವಳ್ಳಿಯಲ್ಲಿ. ಮನೆಯಲ್ಲಿ ಯಾರಿಗಾದರೂ ಜ್ವರ ತಲೆಗೇರಿದರೆ ಐಸ್ ತರಲು ಮಾರ್ಕೆಟ್ಟಿನ ಕಡೆಗೆ ನನ್ನನ್ನು ಓಡಿಸುತ್ತಿದ್ದರು. ಅಲ್ಲಿ ಭತ್ತದ ಹೊಟ್ಟಿನಲ್ಲಿ ಹೂತಿಟ್ಟ ದೊಡ್ಡ ದಿಮ್ಮಿ. ಅಂಗಡಿಯವನು ಅದರಲ್ಲಿ ಒಂದು ಚೂರು ಒಡೆದು ಗೋಣಿಯ ತುಂಡಿನಲ್ಲಿ ಸುತ್ತಿ ಕೊಡುತ್ತಿದ್ದ. ಓಡೋಡಿ ಮನೆ ಸೇರುವ ಹೊತ್ತಿಗೆ ನನ್ನ ಲಂಗ ಒದ್ದೆ, ಗೋಣಿ ಚಪ್ಪಟೆ. "ದಾರೀಲಿ ನೆಕ್ಕಿದ್ಯೇನೇ?" ಎಂದು ಅಮ್ಮ ಕೇಳುತ್ತಿದ್ದಳು. ನೆಕ್ಕಿರುತ್ತಿದ್ದೆ. ಆದರೆ ನಾನು ನೆಕ್ಕದಿದ್ದರೂ ಅದು ಕರಗುತ್ತಿತ್ತಲ್ಲ, ಅದನ್ನು ಯಾರೂ ಒಪ್ಪುತ್ತಿರಲಿಲ್ಲ.

ನಾನು ಓದಿದ್ದು ಮೂರನೆಯ ಕ್ಲಾಸು. ತಮ್ಮ ಹುಟ್ಟಿದ, ಅಮ್ಮನಿಗೆ ಕೈ ಬೇಕಾಯಿತು, ಬಿಡಿಸಿದರು. ನಾನೇನೂ ಅಳಲಿಲ್ಲ. ಶಾಲೆಯ ನೆಲ ತಣ್ಣಗಿರುತ್ತಿತ್ತು, ಒಲೆಯ ಮುಂದೆ ಬೆಚ್ಚಗಿರುತ್ತಿತ್ತು. ಪೊಟ್ಟಣ ಕಟ್ಟಿದ ಪೇಪರು ಓದಿ ಓದಿ ಅಕ್ಷರ ಉಳಿಸಿಕೊಂಡೆ. ಎಷ್ಟೋ ಸುದ್ದಿಗಳು ಅರ್ಧಕ್ಕೇ ಹರಿದಿರುತ್ತಿದ್ದವು, ಉಳಿದರ್ಧ ನಾನೇ ಊಹಿಸಿಕೊಳ್ಳುತ್ತಿದ್ದೆ. ಈಗಲೂ ಟೀವಿಯಲ್ಲಿ ಪೂರ್ತಿ ಸುದ್ದಿ ಕೇಳಿದರೆ ನನ್ನ ಊಹೆಯೇ ಚೆನ್ನಾಗಿತ್ತು ಅನ್ನಿಸುತ್ತದೆ.

ಇಂಥವಳಿಗೆ ಎಂಥ ಮೊಮ್ಮಗಳು ನೋಡಿ. ಚೈತ್ರ ನನ್ನ ಮಗಳ ಮಗಳು. ಸಣ್ಣವಳಿದ್ದಾಗ ರಜಕ್ಕೆ ಬಂದರೆ ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತಿದ್ದೆ. ಮಿಕ್ಕ ಮಕ್ಕಳು ಗಾಜಿನ ಮನೆ ನೋಡಲು ಓಡಿದರೆ ಇವಳು ಅಲ್ಲಿಯ ಬಂಡೆಯ ಮೇಲೆ ಅಂಗಾತ ಮಲಗುವಳು. "ಅಜ್ಜಿ, ಈ ಬಂಡೆಗೆ ಎಷ್ಟು ವಯಸ್ಸು?" ಎಂದಳು ಒಮ್ಮೆ. "ಕಲ್ಲಿಗೆ ಯಾರಾದ್ರೂ ವಯಸ್ಸು ಕೇಳ್ತಾರೇನೇ? ಎದ್ದೇಳು, ಲಂಗ ಸವೆಯುತ್ತೆ" ಎಂದೆ. ಅವಳು ಕೇಳುವುದನ್ನು ಬಿಡಲಿಲ್ಲ. ಕೇಳಿ ಕೇಳಿ ಈಗ ಅದೇ ಅವಳ ಉದ್ಯೋಗ. ಬಂಡೆಯಿಂದ ಶುರುವಾಗಿ ಹಿಮಾಲಯದ ಹಿಮನದಿಗೆ ಹೋಗಿ ನಿಂತಿದ್ದಾಳೆ.

"ನದಿ ಅಂತೀಯ, ಗಟ್ಟಿಯಾಗಿದೆ ಅಂತೀಯ. ಹರಿಯುತ್ತೋ ಇಲ್ವೋ?" ಎಂದು ಕೇಳಿದೆ.

"ಹರಿಯುತ್ತೆ ಅಜ್ಜಿ, ತುಂಬಾ ನಿಧಾನ. ಕಣ್ಣಿಗೆ ಕಾಣಲ್ಲ."

"ನಿಮ್ಮ ತಾತ ತರಕಾರಿ ತರೋಕೆ ಹೋದ ಹಾಗೆ ಅನ್ನು."

ಅಲ್ಲಿ ಅವಳು ಮಾಡುವ ಕೆಲಸ ಏನು ಎಂದರೆ, ಹಿಮದಲ್ಲಿ ಆಳಕ್ಕೆ ತೂತು ಕೊರೆದು ಬಿದಿರಿನ ಗಳು ನೆಡುವುದು. ಮುಂದಿನ ಸಲ ಹೋದಾಗ ಗಳು ಎಷ್ಟು ಮೇಲೆ ಕಾಣುತ್ತದೋ ಅಷ್ಟು ಹಿಮ ಕರಗಿದೆ ಎಂದು ಲೆಕ್ಕ. ಇದಕ್ಕೆ ಅಷ್ಟೊಂದು ಓದಬೇಕೇ ಎಂದು ಓರಗಿತ್ತಿ ಸೀತಕ್ಕ ಕೇಳಿದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅವರು ಕೇಳಿದರಲ್ಲ, ಅದಕ್ಕೆ ನಾನು ಚೈತ್ರಳ ಕಡೆ ಸೇರಿದೆ.

ಮೊದಲ ಸಲ ಅಲ್ಲಿಂದ ಬಂದಾಗ ಅವಳ ಮುಖ ಸುಟ್ಟ ಹಪ್ಪಳ. ಮುಖ ಸುಡುವುದು ಸರಿ, ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಒಳಗೆಲ್ಲ ಸುಟ್ಟಿತ್ತು. "ಬಿಸಿಲು ಕೆಳಗಿಂದಾನೂ ಬರುತ್ತೇನೇ?" ಎಂದೆ. "ಹಿಮಕ್ಕೆ ಬಿದ್ದು ವಾಪಸ್ ಮೇಲಕ್ಕೆ ಬರುತ್ತೆ ಅಜ್ಜಿ." ತುಪ್ಪ ಸವರಿದೆ. ಹಿಮವೆಂದರೆ ಪಟದಲ್ಲಿ ಶಿವನ ಹಿಂದೆ ಇರುವ ಹಾಗೆ ಬೆಳ್ಳಗಿರುತ್ತದೆ ಎಂದುಕೊಂಡಿದ್ದೆ. ಅದೂ ಸುಳ್ಳಂತೆ. ಮೇಲೆಲ್ಲ ಕಲ್ಲು, ಮಣ್ಣು, ಕೊಚ್ಚೆಯ ಬಣ್ಣ. ಒಳಗಿನಿಂದ ಯಾರೋ ನರಳಿದ ಹಾಗೆ ಸದ್ದು. ದೇವರ ಪಟ ಬರೆದವನು ಅಲ್ಲಿಗೆ ಹೋಗಿರಲಿಲ್ಲ ಎಂದಾಯಿತು.

ಹೋಗಿ ಬಂದವರು ನಮ್ಮ ಮನೆತನದಲ್ಲಿ ಇನ್ನೊಬ್ಬರಿದ್ದರು, ನಮ್ಮ ಭಾವನವರು, ಯಜಮಾನರ ಅಣ್ಣ. ಚಾಮರಾಜಪೇಟೆಯಲ್ಲಿ ನಮ್ಮ ಮಾವ ಕಟ್ಟಿಸಿದ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದಾರೆ. ಆ ಕಡೆ ಭಾವನವರು, ಸೀತಕ್ಕ, ಅವರ ಮಗ ನಾಗೇಶ. ಈ ಕಡೆ ನಾನು; ಬೆಂಗಳೂರಿನಲ್ಲಿದ್ದಾಗ ಚೈತ್ರ. ಜಗಲಿ ಮಾತ್ರ ಇಬ್ಬರಿಗೂ ಒಂದೇ, ಅದರ ನಡುವೆ ಒಂದು ಕಲ್ಲುಕಂಬ.

ಆ ಕಂಬದ ವಿಷಯ ಹೇಳಲೇಬೇಕು. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ. ಹೇಳಲೇಬೇಕಾದ ಮಾತಿದ್ದರೆ ಕಂಬಕ್ಕೆ ಹೇಳಬೇಕು. "ಎಲೆ ಹಾಕಿದೆ ಅಂತ ಹೇಳು ಕಂಬವೇ" ಎಂದು ನಾನು. "ಬಂದೆ ಅಂತ ಹೇಳಪ್ಪಾ" ಎಂದು ಅವರು. ಮದುವೆಯಾಗಿ ಬಂದ ದಿನದಿಂದ ಹೀಗೇ. ಯಜಮಾನರು ಹೋದ ದಿನವೂ ಭಾವನವರು ಕಂಬ ನೋಡಿಕೊಂಡೇ ನನಗೆ ಸಮಾಧಾನ ಹೇಳಿದರು. ಆ ಕಂಬಕ್ಕೆ ಬಾಯಿದ್ದಿದ್ದರೆ ನಮ್ಮಿಬ್ಬರ ಮೇಲೂ ಕೇಸು ಹಾಕುತ್ತಿತ್ತು.

ಭಾವನವರು ವಯಸ್ಸಿನಲ್ಲಿದ್ದಾಗ ಯಾತ್ರೆಯ ಗುಂಪಿನ ಜೊತೆ ಗಂಗೋತ್ರಿಗೆ ಹೋಗಿ, ಅಲ್ಲಿಂದ ಮೇಲೆ ಗಂಗೆ ಹುಟ್ಟುವ ಗೋಮುಖದವರೆಗೂ ನಡೆದಿದ್ದರು. ಹಬ್ಬ ಹರಿದಿನ, ಮುಂಜಿ ಮದುವೆ, ಎಲ್ಲಿ ನಾಲ್ಕು ಜನ ಸೇರಿದರೂ ಆ ಕಥೆ ಬಂದೇ ಬರುತ್ತಿತ್ತು. "ನಮ್ಮ ಬಸವನಗುಡಿ ಬಸವಣ್ಣ ಮಲಗಿದಾನಲ್ಲ, ಥೇಟ್ ಹಾಗೆ ಒಂದು ಬಂಡೆ. ಅದರ ಬೆನ್ನಿಗೇ ಹಿಮದ ಗೋಡೆ. ಈ ಕೈ ಇಟ್ಟು ಮುಟ್ಟಿದೀನಿ" ಎಂದು ಬಲಗೈ ಎತ್ತಿ ತೋರಿಸುವರು. ಚೈತ್ರ ಆ ಕೈಯನ್ನು ನೋಡಿಕೊಂಡೇ ಬೆಳೆದವಳು.

ಅವಳು ಅಲ್ಲಿಗೆ ಹೋದಾಗ ಆ ಬಂಡೆಯನ್ನು ಹುಡುಕಿದಳಂತೆ. ಸಿಕ್ಕಿತು. ಗೂಳಿಯ ಡುಬ್ಬ, ಮಡಿಸಿದ ಕಾಲು ಎಲ್ಲ ಅವರು ಹೇಳಿದ ಹಾಗೆಯೇ. ಆದರೆ ಬುಡದಲ್ಲಿ ಹುಲ್ಲು, ಪುಟ್ಟ ಪುಟ್ಟ ಗಿಡ. ಹಿಮ ಎಲ್ಲಿ ಎಂದರೆ, ಅಲ್ಲಿಂದ ಕಲ್ಲುರಾಶಿ ಹತ್ತಿ ಇಳಿದು ಬಹಳ ಹೊತ್ತು ನಡೆಯಬೇಕು. ಬಂಡೆಯ ಹತ್ತಿರ ನಿಂತರೆ ಅದು ಕಾಣುವುದೇ ಇಲ್ಲ. ಇದನ್ನು ಅವಳು ನನಗೊಬ್ಬಳಿಗೆ ಹೇಳಿದಳು. "ತಾತಂಗೆ ಹೇಳ್ಬೇಡ ಅಜ್ಜಿ, ಬೇಜಾರು ಮಾಡ್ಕೋತಾರೆ." ನಾನು ಕಂಬಕ್ಕೂ ಹೇಳಲಿಲ್ಲ.

ಈಗ ಫ್ರಿಜ್ಜಿಗೆ ಬರುತ್ತೇನೆ. ಹೋದ ವರ್ಷ ಗೌರಿಹಬ್ಬದ ಹಿಂದಿನ ದಿನ ಚೈತ್ರ ಬೆಟ್ಟದಿಂದ ನೇರ ಮನೆಗೆ ಬಂದಳು. ಒಂದು ಕಾಲಿನ ಹೆಬ್ಬೆರಳ ಉಗುರು ಹೋಗಿತ್ತು. ಕೈಯಲ್ಲಿ ದಪ್ಪನೆಯ ಡಬ್ಬಿ, ಅದರ ತುಂಬ ಪುಟ್ಟ ಪುಟ್ಟ ಬಾಟಲಿ, ಎಲ್ಲದರಲ್ಲೂ ನೀರು. ಗೋಮುಖದ ಹಿಮ ಕರಗಿ ಬರುವ ಜಾಗದಿಂದ, ಅದರ ಮೇಲಿನ ತೊರೆಗಳಿಂದ ಹಿಡಿದು ತಂದದ್ದು. ಅವಳ ಸಂಸ್ಥೆಯಲ್ಲಿ ಇದನ್ನಿಡುವ ತಣ್ಣನೆಯ ಕೋಣೆ ಕೆಟ್ಟು ಕೂತಿತ್ತು, ಹಬ್ಬ ಮುಗಿಯುವವರೆಗೆ ರಿಪೇರಿಗೆ ಜನವಿಲ್ಲ.

"ಅಜ್ಜಿ, ನಿನ್ನ ಫ್ರಿಜ್ ಬೇಕು. ಪೂರ್ತಿ."

"ನಾಳೆ ಗೌರಿ ಕಣೇ!"

"ಈ ಬಾಟಲಿ ಒಳಗೆ ಒಂದು ಗುಳ್ಳೆ ಗಾಳೀನೂ ಇಲ್ಲ, ನೋಡು. ಮುಚ್ಚಳ ತೆಗೆದ್ರೆ ಸ್ವಲ್ಪ ನೀರು ಆವಿಯಾಗುತ್ತೆ, ಹಗುರವಾದ ನೀರು ಮೊದಲು ಹಾರಿಹೋಗುತ್ತೆ. ಆಮೇಲೆ ಇದರಲ್ಲಿ ಹಳೇ ಹಿಮ ಎಷ್ಟು, ಈ ಸಲದ ಮಳೆ ಎಷ್ಟು ಅಂತ ಹೇಳೋಕಾಗಲ್ಲ. ಒಂದೊಂದೂ ಒಂದೊಂದು ಜಾಗದ್ದು. ಒಂದು ಹೋದ್ರೆ ಆ ಜಾಗದ ಈ ವರ್ಷ ಹೋಯ್ತು. ದಾರಿ ಮುಚ್ಚೋ ಕಾಲ ಬಂತು, ಮತ್ತೆ ಹೋಗೋಕಾಗಲ್ಲ."

ನೀರಿನಲ್ಲಿ ಹಗುರ ಯಾವುದು, ಭಾರ ಯಾವುದು, ನನಗೆ ಅರ್ಥವಾಗಲಿಲ್ಲ. ಉಗುರು ಹೋದ ಬೆರಳು ಅರ್ಥವಾಯಿತು. ಬಾಗಿನಕ್ಕೆಂದು ಗಾಂಧಿ ಬಜಾರಿನಿಂದ ತಂದ ಕನಕಾಂಬರ, ಹಾಲು, ತುರಿದ ಕಾಯಿ, ಇಡ್ಲಿ ಹಿಟ್ಟು ಎಲ್ಲ ಹೊರಗೆ ಬಂದವು. ಹೂವು ಬಾಡಿತು, ಹಿಟ್ಟು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದು, ಹುಳಿ ವಾಸನೆ ಆ ಕಡೆ ಮನೆಗೂ ಹೋಯಿತು. ಏನು ಎತ್ತ ಎಂದು ಸೀತಕ್ಕ ಬಂದು ನೋಡಿಕೊಂಡು ಹೋದರು. ಹಾಗೆ ಸುದ್ದಿ ಗೋಡೆ ದಾಟಿತು.

ಆ ಕಡೆ ಭಾವನವರು ಹಾಸಿಗೆ ಹಿಡಿದಿದ್ದರು. ಇನ್ನು ಮಾಡುವುದಕ್ಕೆ ಏನೂ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಗಣೇಶನ ಹಬ್ಬದ ಬೆಳಿಗ್ಗೆ ಉಸಿರು ಮೇಲೆ ಕೆಳಗೆ ಆಯಿತು. ದೇವರ ಗೂಡಿನಲ್ಲಿದ್ದ ಗಂಗೆಯ ಗಿಂಡಿ ತೆಗೆದರು. ಕಾಶಿಗೆ ಹೋದವರು ಪುಟ್ಟ ತಾಮ್ರದ ಗಿಂಡಿಯಲ್ಲಿ ಗಂಗೆ ತುಂಬಿಸಿ, ಬಾಯಿಗೆ ಬೆಸುಗೆ ಹಾಕಿಸಿ ತರುತ್ತಾರಲ್ಲ, ಕೊನೆಗಾಲದಲ್ಲಿ ಬಾಯಿಗೆ ಬಿಡುವುದಕ್ಕೆ, ಅದು. ನಾಗೇಶ ಬೆಸುಗೆ ಒಡೆದು ಬಗ್ಗಿಸಿದರೆ ಒಂದು ಹನಿಯಿಲ್ಲ. ಒಳಗೆ ಹಸಿರು ಕಿಲುಬು ಮಾತ್ರ.

ನಮ್ಮ ಅತ್ತೆ ನನಗೂ ಒಂದು ಗಿಂಡಿ ಕೊಟ್ಟಿದ್ದರು. ತಂದುಕೊಟ್ಟೆ. ಅದನ್ನೂ ಒಡೆದ. ಅದೂ ಒಣಗಿತ್ತು. ಎರಡು ಮನೆಯವರೂ ಸೇರಿ ಇಷ್ಟು ವರ್ಷ ಖಾಲಿ ಗಿಂಡಿಗಳಿಗೆ ಅರಿಶಿನ ಕುಂಕುಮ ಹಚ್ಚಿದ್ದೆವು. ನನಗೆ ನಗು ಬಂತು. ಸಾಯುವವರ ಮನೆಯಲ್ಲಿ ನಗಬಾರದು ಎಂದು ಗೊತ್ತು. ಬಂದರೆ ಏನು ಮಾಡಲಿ?

"ನಗ್ತೀರಾ ಚಿಕ್ಕಮ್ಮ?" ಎಂದ ನಾಗೇಶ. ಆಮೇಲೆ ಚೈತ್ರಳ ಕಡೆ ತಿರುಗಿದ. "ನಿನ್ನ ಹತ್ರ ಇದೆಯಲ್ಲಮ್ಮ, ಗೋಮುಖದ್ದೇ. ಅಪ್ಪ ನೆನ್ನೆಯಿಂದ ಅದನ್ನೇ ಕೇಳ್ತಿದಾರೆ. ಅಷ್ಟೊಂದು ಬಾಟ್ಲಿ ಇವೆ. ಒಂದು ಕೊಡು."

ಚೈತ್ರಳ ಕಣ್ಣು ತುಂಬಿತು. ನನ್ನಿಂದ ಬೀಗದ ಕೈ ಇಸಿದುಕೊಂಡು ನಮ್ಮ ಮನೆಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆದಳು. ಒಂದು ಬಾಟಲಿ ತೆಗೆದು ನೋಡಿದಳು, ಇಟ್ಟಳು. ಇನ್ನೊಂದು ತೆಗೆದಳು, ಇಟ್ಟಳು. ಯಾವುದು ಹೋದರೆ ಪರವಾಗಿಲ್ಲ ಎಂದು ಹುಡುಕುತ್ತಿದ್ದಳು. ಅಂಥದ್ದು ಒಂದೂ ಇರಲಿಲ್ಲ. ನಾನು ಅವಳ ಕೈ ಸರಿಸಿ ಬಾಗಿಲು ಹಾಕಿ ಬೀಗ ತಿರುಗಿಸಿದೆ.

"ಅಜ್ಜಿ, ತಾತ ಕೇಳ್ತಿದಾರೆ..."

"ಕೇಳ್ಲಿ. ಕೊಡಲ್ಲ ಅಂತ ನಾನು ಹೇಳ್ತೀನಿ. ನಿನ್ನ ಕೈಲಿ ಆಗಲ್ಲ."

ಹಿಂದೆಯೇ ಬಂದಿದ್ದ ಸೀತಕ್ಕ ಹೊಸಿಲ ಮೇಲೆ ನಿಂತು, "ರುಕ್ಮಿಣಿ, ನೀನು ಮನುಷ್ಯಳೇನೇ? ಸಾಯೋರ ಬಾಯಿಗೆ ಒಂದು ಉದ್ಧರಣೆ ನೀರು ಇಲ್ಲ ಅಂತೀಯಲ್ಲ. ಆ ಹುಡುಗಿ ಕೊಡ್ತೀನಿ ಅಂದ್ರೂ ನೀನು ಅಡ್ಡ ನಿಲ್ತೀಯ!" ಎಂದರು.

"ಹೌದಕ್ಕ, ನಿಲ್ತೀನಿ. ನೀರು ಬೇಡ ಅಂದ್ನಾ? ಕೊಡದಲ್ಲಿ ಕಾವೇರಿ ಇದೆ. ಇದು ನೀರಲ್ಲ, ಅವಳ ಕೆಲಸ. ನಾಗೇಶನ ಆಫೀಸಿಗೆ ಹೋಗಿ ಒಂದು ಫೈಲು ತಂದು ಒಲೆಗೆ ಹಾಕ್ತೀನಿ ಅಂದ್ರೆ ಬಿಡ್ತೀರಾ?"

ಅಷ್ಟು ಹೇಳಿ ಆ ಕಡೆ ಮನೆಗೆ ನಡೆದೆ. ಜಗಲಿಯಲ್ಲಿ ಕಂಬದ ಹತ್ತಿರ ಕಾಲು ತಾನಾಗಿ ನಿಂತಿತು. ಅಭ್ಯಾಸ. ಅದನ್ನು ದಾಟಿ ಭಾವನವರ ಕೋಣೆಯೊಳಗೇ ಹೋದೆ. ಮಂಚದ ಎದುರು ನಿಂತೆ.

"ಭಾವನವರೆ" ಎಂದೆ.

ಅವರು ಕಣ್ಣು ಬಿಟ್ಟರು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ನನ್ನ ಮುಖವನ್ನು ಎದುರಿಂದ ಅವರು ಯಾವಾಗ ನೋಡಿದ್ದರು? "ರುಕ್ಮಿಣೀನಾ? ಕಂಬ ಎಲ್ಲಿ ಹೋಯ್ತು?" ಎಂದರು.

"ಹೊರಗಿದೆ. ಈವತ್ತು ಅದಕ್ಕೆ ರಜ. ಚೈತ್ರ ತಂದಿರೋ ನೀರು ನಾನು ಕೊಡಲ್ಲ ಭಾವನವರೆ. ಅದು ಕುಡಿಯೋಕೆ ತಂದಿದ್ದಲ್ಲ."

"ನಾನು ಆ ಹಿಮ ಮುಟ್ಟಿದೋನು ಕಣಮ್ಮ. ಅದೇ ಹಿಮದ್ದು ಒಂದು ಹನಿ..."

"ನೀವು ಮುಟ್ಟಿದ ಹಿಮ ಈಗ ಇಲ್ಲ."

"ಚಿಕ್ಕಮ್ಮ!" ಎಂದು ನಾಗೇಶ ನನ್ನ ತೋಳು ಹಿಡಿದ. ಕೊಡವಿಕೊಂಡೆ. "ಅದು ಕರಗಿ ಯಾವತ್ತೋ ಸಮುದ್ರ ಸೇರಿದೆ. ಇವಳನ್ನೇ ಕೇಳಿ."

ಭಾವನವರು ಬಾಗಿಲಲ್ಲಿದ್ದ ಚೈತ್ರಳನ್ನು ನೋಡಿದರು. "ಬಸವಣ್ಣ ಇದಾನೇನೇ?"

"ಇದಾನೆ ತಾತ. ನೀವು ಹೇಳಿದ ಹಾಗೇ ಮಲಗಿದಾನೆ."

"ಬೆನ್ನ ಹಿಂದೆ?"

ಅವಳು ತಲೆ ತಗ್ಗಿಸಿದಳು. "ಹುಲ್ಲು ತಾತ. ಹಿಮ ಅಲ್ಲಿಂದ ಕಾಣಲ್ಲ. ತುಂಬಾ ಮೇಲಕ್ಕೆ ಹೋಗಿಬಿಟ್ಟಿದೆ."

ಅವರು ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ಅಂಗೈ ನೋಡಿಕೊಂಡರು. ಸೀತಕ್ಕ ಅಳಲು ಶುರುಮಾಡಿದರು. ನನಗೆ ಅಳು ಬರಲಿಲ್ಲ, ಅವರ ಉಸಿರು ಎಣಿಸುತ್ತಾ ನಿಂತಿದ್ದೆ.

"ಆ ಬಾಟ್ಲಿಯಿಂದ ಏನು ಗೊತ್ತಾಗುತ್ತೆ?" ಎಂದು ಕೇಳಿದರು.

"ಹಳೇ ಹಿಮ ಎಷ್ಟು ಕರಗ್ತಿದೆ ಅಂತ ತಾತ."

"ಗೊತ್ತಾದ್ರೆ ನಿಲ್ಲುತ್ತಾ?"

"ಇಲ್ಲ."

"ಮತ್ಯಾಕೆ?"

ಚೈತ್ರ ನನ್ನ ಕಡೆ ನೋಡಿದಳು. ಇಷ್ಟು ಓದಿದ ಹುಡುಗಿಗೆ ಉತ್ತರ ಗೊತ್ತಿಲ್ಲ ಎಂದಲ್ಲ, ಸಾಯುವವರ ಮುಂದೆ ಹೇಳಲು ಬಾಯಿ ಬರಲಿಲ್ಲ. ನನಗೆ ಆ ದಾಕ್ಷಿಣ್ಯವಿಲ್ಲ. "ನಿಮಗೂ ಡಾಕ್ಟರು ಇನ್ನೇನೂ ಮಾಡೋಕಾಗಲ್ಲ ಅಂದಿದಾರೆ. ಆದ್ರೂ ನಾಗೇಶ ಬೆಳಗಾದ್ರೆ ನಿಮ್ಮ ಕೈ ಹಿಡಿದು ನಾಡಿ ನೋಡ್ತಾನಲ್ಲ, ಯಾಕೆ? ಮನೆಯೋರು ನೋಡ್ತಾರೆ ಭಾವನವರೆ. ನೋಡದೆ ಇರೋಕಾಗಲ್ಲ" ಎಂದೆ.

ಬೀದಿಯ ಪೆಂಡಾಲಿನ ಮೈಕಿನಲ್ಲಿ ಯಾರೋ "ಹಲೋ ಹಲೋ" ಎನ್ನುತ್ತಿದ್ದರು. ಭಾವನವರು ಒಂದು ಸಲ ಬಾಟಲಿ ನೋಡಬೇಕು ಎಂದರು. ಚೈತ್ರ ನನ್ನಿಂದ ಬೀಗದ ಕೈ ಇಸಿದುಕೊಂಡು ಹೋಗಿ ಒಂದು ತಂದು ಅವರ ಅಂಗೈಯಲ್ಲಿಟ್ಟಳು. ಮುಚ್ಚಳದ ಮೇಲೆ ಅವರ ಹೆಬ್ಬೆರಳು ಹೋಗಿ ಕೂತಿತು. ತಿರುಗಿಸಿದ್ದರೆ ನಾನು ಕಿತ್ತುಕೊಳ್ಳುತ್ತಿದ್ದೆ. ನಿಜವಾಗಿ ಕಿತ್ತುಕೊಳ್ಳುತ್ತಿದ್ದೆ, ಬೇಕಾದರೆ ನೀವು ಏನಾದರೂ ಅಂದುಕೊಳ್ಳಿ. ಅವರು ತಿರುಗಿಸಲಿಲ್ಲ.

"ತಣ್ಣಗಿದೆ" ಎಂದರು. ಆಮೇಲೆ, "ನಾಗೇಶ, ಒಳಗಿಡೋಕೆ ಹೇಳೋ. ಬಿಸಿಯಾಗ್ಬಿಡುತ್ತೆ."

ಅವತ್ತು ಅವರು ಹೋಗಲಿಲ್ಲ. ಮೈಕಿನವರ ಗದ್ದಲವನ್ನೆಲ್ಲ ಕೇಳಿಕೊಂಡು, ಪಾಯಸ ನೀರಾಯಿತು ಎಂದು ಬೈದುಕೊಂಡು ಇದ್ದರು. ಹಬ್ಬ ಮುಗಿದು ಚೈತ್ರಳ ಬಾಟಲಿಗಳು ಮುಚ್ಚಿದ್ದು ಮುಚ್ಚಿದ ಹಾಗೆ ಅವಳ ಸಂಸ್ಥೆ ಸೇರಿದವು. ಬೀದಿಯ ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ ಅವರು ಹೋದರು. ಆಗ ಬಾಯಿಗೆ ನೀರು ಬಿಟ್ಟದ್ದು ನಾನೇ. ಕೊಡದಿಂದ ಬಗ್ಗಿಸಿ, ತುಳಸಿ ಹಾಕಿ, "ಕಾವೇರಿ ಭಾವನವರೆ" ಎಂದು ಹೇಳಿಯೇ ಬಿಟ್ಟೆ. ಜೀವಮಾನವೆಲ್ಲ ಕುಡಿದ ನೀರು. ಕೊನೆಗೆ ಅದಕ್ಕೆ ಮೋಸ ಮಾಡಬಾರದು.

ಹದಿಮೂರನೆಯ ದಿನದ ಊಟದಲ್ಲಿ ನೆಂಟರಿಷ್ಟರೆಲ್ಲ ನನಗೆ ಕೇಳುವ ಹಾಗೆಯೇ ಮಾತಾಡಿಕೊಂಡರು. "ಫ್ರಿಜ್ಜಿನ ತುಂಬಾ ಗಂಗೆ ಇಟ್ಕೊಂಡು ಕೊಳಾಯಿ ನೀರು ಬಿಟ್ಟಳಂತೆ." ನಾನು ಎಲೆಯ ಮುಂದೆ ಕೂತು ಇನ್ನೊಂದು ವಡೆ ಹಾಕಿಸಿಕೊಂಡೆ. ಅವತ್ತಿನಿಂದ ಸೀತಕ್ಕ ನನ್ನ ಹತ್ತಿರ ಮಾತು ಬಿಟ್ಟರು. ಏನಾದರೂ ಹೇಳಬೇಕಾದರೆ ಕಂಬಕ್ಕೆ ಹೇಳುತ್ತಾರೆ. ಅದಕ್ಕೆ ಈ ಮನೆಯಲ್ಲಿ ಪಿಂಚಣಿಯೇ ಇಲ್ಲ.

ಈ ಸಲ ಚೈತ್ರ ಮತ್ತೆ ಹೊರಡುತ್ತಾಳೆ ಎಂದು ತಿಳಿದ ಮೇಲೆ ನಡೆದದ್ದು ನೋಡಿ. ಒಬ್ಬೊಬ್ಬರಾಗಿ ನಮ್ಮ ಜಗಲಿ ಹತ್ತಿದರು. ವಡೆಯ ಪಕ್ಕ ನನ್ನನ್ನು ಆಡಿಕೊಂಡವರೇ. ಕೈಯಲ್ಲಿ ಚಿಕ್ಕಪೇಟೆಯಿಂದ ತಂದ ಹೊಸ ತಾಮ್ರದ ಗಿಂಡಿ. "ಹೇಗೂ ಹೋಗ್ತಾಳಲ್ಲ, ಅಲ್ಲೇ ತುಂಬಿಸಿಕೊಂಡು ಬರ್ಲಿ. ಏನು ಭಾರ?" ಅವಳಿಗೆ ಇಲ್ಲ ಎನ್ನಲು ಬರುವುದಿಲ್ಲ, ಎಲ್ಲವನ್ನೂ ಇಸಿದುಕೊಂಡು ಸಾಲಾಗಿ ಇಟ್ಟುಬಿಟ್ಟಳು. ಅವಳು ಸ್ನಾನಕ್ಕೆ ಹೋದಾಗ ನಾನು ಒಂದೊಂದನ್ನೇ ಬೋರಲು ಹಾಕಿ, ಆಟೋ ಹಿಡಿದು ಅವರವರದು ಅವರವರಿಗೆ ವಾಪಸ್ಸು ಕೊಟ್ಟುಬಂದೆ. "ಅವಳು ಅಲ್ಲಿಗೆ ದುಡಿಯೋಕೆ ಹೋಗ್ತಾಳೆ, ನಿಮ್ಮ ಸಾವಿಗೆ ನೀರು ಹೊರೋಕಲ್ಲ" ಎಂದು ಪ್ರತಿ ಮನೆಯಲ್ಲೂ ಹೇಳಿದೆ. ಎರಡು ಮನೆಯವರು ಕೂತ್ಕೊಳ್ಳಿ ಎಂದೂ ಅನ್ನಲಿಲ್ಲ.

ಮನೆಗೆ ಬಂದರೆ ಜಗಲಿಯಲ್ಲಿ ಸೀತಕ್ಕ ನಿಂತಿದ್ದರು. ಸೆರಗಿನ ಒಳಗೆ ಗಿಂಡಿ. ಕಂಬದ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ಅವರಿಗಂತೂ ಸಿಗಲಿಲ್ಲ. ನನಗಾದ್ರೂ ತರಿಸಿಕೊಡೇ ರುಕ್ಮಿಣಿ" ಎಂದರು.

ಹೌದು, ಕರುಳು ಚುರುಕ್ಕೆಂದಿತು. ಕರುಳಿನ ಮಾತು ಕೇಳಿದ್ದರೆ ಹೋದ ವರ್ಷವೇ ಬಾಟಲಿ ಒಡೆಯುತ್ತಿದ್ದೆ.

"ಇಲ್ಲ ಅಕ್ಕ. ನಿಮಗೂ ಇಲ್ಲ, ನನಗೂ ಇಲ್ಲ. ಬೇಕೇ ಬೇಕು ಅಂದ್ರೆ ಸೀರೆ ಎತ್ತಿಕಟ್ಟಿ, ನಾನೂ ಬರ್ತೀನಿ, ಇಬ್ಬರೂ ಹತ್ತೋಣ. ಆದ್ರೆ ಬೇಗ ಹೊರಡ್ಬೇಕು. ಹೋಗೋಕೆ ನಮಗಿಂತ ಆ ಹಿಮಕ್ಕೇ ಅವಸರ ಜಾಸ್ತಿ ಇದ್ದ ಹಾಗಿದೆ."

ಅವರು ನನ್ನನ್ನು ಬೈದುಕೊಂಡೇ ಒಳಗೆ ಹೋದರು. ಬೈಯಲಿ.